ಹಿರಿ ಬಾಗಿಲು

ಹೊನ್ನಮಟ್ಟಿ ಚಿನ್ನದ ಗಣಿಯಲ್ಲಿ ಮುನ್ನೂರ ಹನ್ನೆರಡು ಗಾಳಿಬಾಗಿಲುಗಳಿದ್ದವು. ನೆಲದಿಂದ ಮೂರೂವರೆ ಕಿಲೋಮೀಟರ್ ಕೆಳಗೆ, ಬಂಡೆಯೇ ಕಾದ ಹಂಚಿನಂತೆ ಸುಡುವ ಸುರಂಗಗಳಲ್ಲಿ, ಯಾವ ಬಾಗಿಲು ಯಾವಾಗ ತೆರೆದಿರಬೇಕು, ಯಾವಾಗ ಮುಚ್ಚಿರಬೇಕು ಎಂಬುದರ ಮೇಲೆ ಅಲ್ಲಿ ದುಡಿಯುವವರ ಉಸಿರು ನಿಂತಿತ್ತು. ಬಾಗಿಲುಗಳು ಇದನ್ನು ತಾವೇ ತೀರ್ಮಾನಿಸುತ್ತಿದ್ದವು. ತೋಚದಿದ್ದಾಗ ತಮ್ಮ ಹಿರಿಯರನ್ನು ಕೇಳುತ್ತಿದ್ದವು. ಹಾಗೆ ಕೇಳುವ ಪದ್ಧತಿಯನ್ನು ಕಟ್ಟಿದವಳು ನೀಲಾಂಬಿಕಾ ಮಸ್ಕಿ.

ಅವಳು ಗಾಳಿ ವಿಭಾಗಕ್ಕೆ ಸೇರಿದಾಗ ಬಾಗಿಲುಗಳಿಗೆ ಆಜ್ಞೆ ಕೊಡುವ ಭಾಷೆ ಹೊರದೇಶದ್ದು. ಕೆಳಗಿನ ಮೇಸ್ತ್ರಿಗಳಿಗೆ ಅದರ ತಲೆಬುಡ ತಿಳಿಯುತ್ತಿರಲಿಲ್ಲ. ನೀಲಾಂಬಿಕಾ ಮೂರು ವರ್ಷ ಕೂತು ಕನ್ನಡದಲ್ಲೇ ಬರೆಯಬಹುದಾದ ಒಂದು ಪುಟ್ಟ ಆಜ್ಞಾಭಾಷೆಯನ್ನು ಮಾಡಿದಳು. ಅದಕ್ಕೆ ಸೊಲ್ಲು ಎಂದು ಹೆಸರಿಟ್ಟಳು. ಸೊಲ್ಲಿನಲ್ಲಿ ಪ್ರತಿ ಬಾಗಿಲೂ ಒಂದು ವಸ್ತು. ಅದಕ್ಕೆ ಪ್ರಶ್ನೆ ಕೇಳಬಹುದು, ಕೆಲಸ ಹೇಳಬಹುದು.

ಹೊಸ ಬಾಗಿಲಿಗೆ ತಿಳಿವಳಿಕೆ ಎಲ್ಲಿಂದ ಬರಬೇಕು ಎನ್ನುವುದು ಅವಳನ್ನು ಬಹಳ ದಿನ ಕಾಡಿದ ಪ್ರಶ್ನೆ. ಒಂದು ದಾರಿ ಎಂದರೆ, ಹೊಸದು ಹುಟ್ಟುವಾಗಲೇ ಹಳೆಯದರ ಬುದ್ಧಿಯನ್ನೆಲ್ಲ ನಕಲು ಮಾಡಿ ಕೊಟ್ಟುಬಿಡುವುದು. ಅದು ಆಸ್ತಿ ಪಾಲು ಮಾಡಿದ ಹಾಗೆ. ಪಾಲಾದ ಮೇಲೆ ತಂದೆ ಹೊಸದೇನಾದರೂ ಕಲಿತರೆ ಮಗನಿಗೆ ತಲುಪುವುದಿಲ್ಲ. ಇನ್ನೊಂದು ದಾರಿಯಲ್ಲಿ ಹೊಸ ಬಾಗಿಲಿಗೆ ಅದರ ಸಂಖ್ಯೆ, ಜಾಗ, ಮಾಪಕ ಮತ್ತು ಅದರ ಹಿರಿಯನ ಹೆಸರು, ಇಷ್ಟನ್ನೇ ಕೊಡುವುದು. ಮಿಕ್ಕಿದ್ದನ್ನು ಅದು ಬೇಕಾದಾಗ ಹಿರಿಯನನ್ನು ಕೇಳಿಕೊಳ್ಳುತ್ತದೆ. ಹಿರಿಯನಿಗೂ ತಿಳಿಯದಿದ್ದರೆ ಅವನು ತನ್ನ ಹಿರಿಯನನ್ನು ಕೇಳುತ್ತಾನೆ. ಗಣಿಯ ಗಾಳಿ ದಿನಕ್ಕೊಂದು ಬಗೆ. ಒಬ್ಬನಿಗೆ ಕಲಿಸಿದರೆ ಮುನ್ನೂರು ಬಾಗಿಲುಗಳಿಗೂ ಕಲಿಸಿದಂತಾಗಬೇಕು. ಅವಳು ಎರಡನೆಯದನ್ನು ಆರಿಸಿಕೊಂಡಳು.

ಎಲ್ಲ ಬಾಗಿಲುಗಳಿಗೂ ಮೂಲವಾದ ಆ ಮೊದಲನೆಯ ಹಿರಿಯನಿಗೆ ಬುದ್ಧಿ ಕೊಟ್ಟವರು ಅವಳ ಮಾವ ಅಮರಪ್ಪ. ಮೂವತ್ತನಾಲ್ಕು ವರ್ಷ ಅದೇ ವಿಭಾಗ ನೋಡಿಕೊಂಡು ನಿವೃತ್ತರಾದವರು. ಕಾಲೊನಿಯಲ್ಲಿ ಎಲ್ಲರೂ ಅವರನ್ನು ಗಾಳಿ ಅಮರಪ್ಪ ಎಂದೇ ಕರೆಯುತ್ತಿದ್ದರು. ನೀಲಾಂಬಿಕಾಳ ಗಂಡ ವೀರೇಶ ಬೇರೆ ಊರಲ್ಲಿ ಶಾಲಾ ಮೇಷ್ಟ್ರಾಗಿದ್ದು, ಭಾನುವಾರ ಮಾತ್ರ ಬರುತ್ತಿದ್ದ. ಹಾಗಾಗಿ ಕ್ವಾರ್ಟರ್ಸಿನಲ್ಲಿ ಮಾವ ಸೊಸೆ ಇಬ್ಬರೇ. ಎಂಟು ತಿಂಗಳು ದಿನವೂ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತ ಮುದುಕರು ಹೇಳುತ್ತಿದ್ದರು, ಸೊಸೆ ಬರೆದುಕೊಳ್ಳುತ್ತಿದ್ದಳು. ಹೊಗೆ ಬಂದರೆ ಏನು, ಸೆಕೆ ಏರಿದರೆ ಏನು, ಸಿಡಿಮದ್ದು ಹಾರಿಸಿದ ಮೇಲೆ ಎಷ್ಟು ಹೊತ್ತು ಕಾಯಬೇಕು, ಎಲ್ಲವನ್ನೂ ಹೇಳಿದರು. ಗಣಿಗೆ ಇಳಿಯುವ ಹಳೇ ಶಾಫ್ಟಿನ ಬಾಯಲ್ಲಿದ್ದ ಒಂದನೇ ನಂಬರಿನ ಬಾಗಿಲಿಗೆ ಆ ನಿಯಮಗಳನ್ನೆಲ್ಲ ಹಾಕಿದ್ದಾಯಿತು. ಮೇಸ್ತ್ರಿಗಳು ಅದನ್ನು ಹಿರಿ ಬಾಗಿಲು ಎಂದರು.

ಅಮರಪ್ಪ ಒಮ್ಮೆ ಸಂದೇಹ ಎತ್ತಿದ್ದರು. ಕೇಳುವ ಬಾಗಿಲು ಇರುವುದು ಪಾತಾಳದಲ್ಲಿ, ಹೇಳುವ ಬಾಗಿಲು ಇರುವುದು ಶಾಫ್ಟಿನ ಬಾಯಲ್ಲಿ. ಹೇಳುವವನು ತನ್ನ ಮುಂದಿನ ಗಾಳಿಯನ್ನು ನೋಡಿ ಹೇಳಿಬಿಟ್ಟರೆ ಗತಿಯೇನು ಎಂದು. ಅದು ಒಳ್ಳೆಯ ಪ್ರಶ್ನೆ ಎಂದು ನೀಲಾಂಬಿಕಾಳಿಗೆ ಗೊತ್ತಿತ್ತು. ಸೊಲ್ಲಿನ ಬೆನ್ನೆಲುಬೇ ಅದು. ಅದಕ್ಕಾಗಿ ಅವಳು ‘ತಾನು’ ಎಂಬ ಪದ ಇಟ್ಟಿದ್ದಳು. ‘ತಾನು ಇರುವಲ್ಲಿ ನೀರು ನುಗ್ಗಿದರೆ ಮುಚ್ಚು’ ಎಂಬುದು ಹಿರಿಯನ ನಿಯಮವೇ ಆದರೂ, ಅದರಲ್ಲಿನ ‘ತಾನು’ ಎಂದರೆ ಯಾವಾಗಲೂ ಕೇಳಿದ ಬಾಗಿಲು. ಬುದ್ಧಿ ಹಿರಿಯನದು, ಕಣ್ಣು ಕೇಳಿದವನದು. ಮುದುಕರು ಒಪ್ಪಿಕೊಂಡಿದ್ದರು.

ಆರು ವರ್ಷ ಎಲ್ಲವೂ ಸುಸೂತ್ರವಾಗಿ ನಡೆಯಿತು. ಅಷ್ಟರಲ್ಲಿ ಬಾಗಿಲುಗಳ ಸಂತತಿ ಹನ್ನೆರಡು ತಲೆಮಾರಿಗೆ ಬೆಳೆದಿತ್ತು. ಆಳದ ಬಾಗಿಲೊಂದರ ಪ್ರಶ್ನೆ ಮೆಟ್ಟಿಲು ಹತ್ತಿ ಹಿರಿ ಬಾಗಿಲಿಗೆ ಮುಟ್ಟಿ ಉತ್ತರ ಹೊತ್ತು ಇಳಿಯಲು ಕೆಲವೊಮ್ಮೆ ನಾಲ್ಕು ಸೆಕೆಂಡು ಹಿಡಿಯುತ್ತಿತ್ತು. ಅದು ಹೆಚ್ಚಾಯಿತು ಎಂದು ಆಡಳಿತ ಕಚೇರಿಯಿಂದ ಒತ್ತಡ ಬಂತು. ನೀಲಾಂಬಿಕಾ ಒಂದು ಉಪಾಯ ಮಾಡಿದಳು. ಪದೇ ಪದೇ ಬರುವ ಪ್ರಶ್ನೆಗಳಿಗೆ ಹಿರಿ ಬಾಗಿಲಿನ ಉತ್ತರವನ್ನು ಮೊದಲೇ ಸಿದ್ಧಪಡಿಸಿ, ಗಣಿಯ ಪ್ರತಿ ಹಂತದಲ್ಲೂ, ಅಂದರೆ ಆಳದ ಪ್ರತಿ ಅಂತಸ್ತಿನಲ್ಲೂ ಇರಿಸುವುದು. ಕೇಳಿದ ಕೂಡಲೇ ಅಲ್ಲಿಂದಲೇ ಕೊಡುವುದು. ‘ತಾನು’ ಬರುವ ನಿಯಮಗಳನ್ನು ಹಾಗೆ ಸಿದ್ಧಮಾಡಿ ಇಡುವಂತಿಲ್ಲ, ಅವುಗಳ ಉತ್ತರ ಕೇಳಿದವರಿಗೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಆ ಪದವಿರುವ ನಿಯಮಗಳನ್ನೆಲ್ಲ ಹುಡುಕಿಸಿ ಬೇರೆ ತೆಗೆದಳು. ಉಳಿದವಕ್ಕೆ ಉತ್ತರ ಸಿದ್ಧವಾಯಿತು. ನಾಲ್ಕು ಸೆಕೆಂಡಿನ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯತೊಡಗಿತು.

ಒಂಬತ್ತು ದಿನ ಕಳೆದು ಹುಸೇನಪ್ಪ ಬಂದ. ಹದಿನೇಳನೇ ಹಂತದ ಮೇಸ್ತ್ರಿ, ಇಪ್ಪತ್ತೆರಡು ವರ್ಷದ ಅನುಭವಸ್ಥ. ಪಾಳಿ ಮುಗಿಸಿ ತಲೆದೀಪವನ್ನೂ ಕಳಚದೆ ನೇರ ಅವಳ ಕೋಣೆಗೆ ಬಂದಿದ್ದ. ಅರವತ್ತಮೂರನೇ ಬಾಗಿಲಿನ ಮುಂದೆ ನಿಂತರೆ ಮೈ ಬೇಯುತ್ತದೆ, ಬಾಗಿಲನ್ನು ಕೇಳಿದರೆ ಗಾಳಿ ತಂಪಾಗಿದೆ ಎನ್ನುತ್ತದೆ ಎಂದು ದೂರಿದ. ನೀಲಾಂಬಿಕಾ ಸಭೆಗೆ ಹೊರಟಿದ್ದಳು. ಮಾಪಕದ ಅಂಕಿ ತೆಗೆದು ನೋಡಲು ಎರಡು ನಿಮಿಷ ಸಾಕಿತ್ತು. ನೋಡಲಿಲ್ಲ. ದೂರಿನ ಪುಸ್ತಕದಲ್ಲಿ ‘ಮಾಪಕಕ್ಕೆ ಧೂಳು ಹಿಡಿದಿದೆ, ಒರೆಸಿ’ ಎಂದು ಬರೆದು ಮುಗಿಸಿದಳು. ಒರೆಸೇ ಬಂದಿದ್ದೇನೆ ಎಂದು ಹುಸೇನಪ್ಪ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಬಾಗಿಲು ದಾಟಿದ್ದಳು.

ಮತ್ತೆ ಹನ್ನೆರಡು ದಿನಕ್ಕೆ, ಬುಧವಾರ ಬೆಳಗ್ಗೆ ಹತ್ತು ಇಪ್ಪತ್ತಕ್ಕೆ, ಹದಿನೇಳನೇ ಹಂತದಲ್ಲಿ ಅದಿರು ಸಾಗಿಸುವ ಬೆಲ್ಟಿಗೆ ಬೆಂಕಿ ಹತ್ತಿತು.

ನಿಯಂತ್ರಣ ಕೋಣೆಯಲ್ಲಿ ಆಗ ಇದ್ದವರು ನೀಲಾಂಬಿಕಾ ಮತ್ತು ಆಪರೇಟರ್ ಜರೀನಾ. ಬೆಂಕಿ ದೊಡ್ಡದಲ್ಲ, ಆದರೆ ರಬ್ಬರಿನ ಹೊಗೆ. ಆ ಹಂತದ ಇಪ್ಪತ್ತಾರು ಜನ ಕಟ್ಟಳೆಯಂತೆ ಆಸರೆ ಕೋಣೆಗೆ ಓಡಿದರು. ಅಲ್ಲಿಗೆ ಕೊಳವೆಯಲ್ಲಿ ಬೇರೆ ಗಾಳಿ ಬರುತ್ತದೆ, ಮೂರು ದಿನ ಬೇಕಾದರೂ ಇರಬಹುದು. ಹೊಗೆ ಒಳನುಗ್ಗದಂತೆ ತಡೆಯುವುದು ಅರವತ್ತಮೂರನೇ ಬಾಗಿಲು. ಪರದೆಯ ಮೇಲೆ ಅದರ ಮಾತು ಹಸಿರು ಅಕ್ಷರದಲ್ಲಿ ಕಾಣುತ್ತಿತ್ತು: ‘ಗಾಳಿ ಶುದ್ಧ. ತೆರೆದಿದ್ದೇನೆ.’

ಕೆಳಗಿನಿಂದ ಫೋನು ಬಂತು. ಹುಸೇನಪ್ಪ ಮುಖವಾಡದೊಳಗಿಂದ ಮಾತಾಡುತ್ತಿದ್ದ. ಕೈಚಕ್ರ ತಿರುಗಿಸಿ ಮೂರು ಸಲ ಬಾಗಿಲು ಮುಚ್ಚಿದ್ದಾಗಿತ್ತು. ಮೂರು ಸಲವೂ ಅದು ತನ್ನ ಹಿರಿಯನನ್ನು ಕೇಳಿ, ಗಾಳಿ ಶುದ್ಧವೆಂಬ ಉತ್ತರ ಪಡೆದು, ತಾನೇ ತೆರೆದುಕೊಂಡಿತ್ತು. ವಿದ್ಯುತ್ ಕಿತ್ತರೂ ಉಪಯೋಗವಿರಲಿಲ್ಲ. ಯಾರೂ ಒಳಗೆ ಸಿಕ್ಕಿಬೀಳಬಾರದೆಂದು, ವಿದ್ಯುತ್ ಹೋದರೆ ಬಾಗಿಲು ತೆರೆದುಕೊಳ್ಳುವಂತೆ ಕಾನೂನೇ ಮಾಡಿತ್ತು.

ಮಾಪಕವನ್ನು ನೋಡುವಂತೆ ನೀಲಾಂಬಿಕಾ ಹೇಳಿದಳು. ಅವಳ ಬಾಯಿಂದ ಬಂದ ಮೊದಲ ಮಾತು ಅದೇ ಆಗಿತ್ತು ಎನ್ನುವುದು ಆಮೇಲೆ ಅವಳನ್ನು ಎಷ್ಟೋ ದಿನ ಚುಚ್ಚಿತು.

“ಮಾಪಕ ಬರೋಬ್ಬರಿ ಐತ್ರೀ, ಕೆಂಪ ತೋರ್ಸಾಕತ್ತೈತಿ,” ಎಂದ ಹುಸೇನಪ್ಪ. “ಹೊಗಿ ಇಲ್ಲೈತಿ ಮೇಡಮ್ಮೋರೆ. ಇಲ್ಲಿ, ನನ್ನ ಮುಂದ. ನಿಮ್ಮ ಬಾಗ್ಲಾ ಎಲ್ಲೀದೋ ಹೇಳಾಕತ್ತೈತಿ.”

ಇಲ್ಲಿ.

ನೀಲಾಂಬಿಕಾ ಹಿರಿ ಬಾಗಿಲಿನ ಅತಿ ಹಳೆಯ ನಿಯಮವನ್ನು ತೆರೆದಳು. ‘ಇಲ್ಲಿ ಗಾಳಿ ಶುದ್ಧವಿದ್ದರೆ ತೆರೆದಿರು’ ಎಂದಿತ್ತು. ‘ತಾನು’ ಎಂಬುದು ಅವಳೇ ಬರೆದು ಸೇರಿಸಿದ ನಿಯಮಗಳ ಮಾತು. ಅಮರಪ್ಪ ತಮ್ಮ ಜೀವಮಾನದಲ್ಲಿ ‘ತಾನು ಇರುವಲ್ಲಿ’ ಎಂದು ಮಾತಾಡಿದವರಲ್ಲ. ಇಲ್ಲಿ ಹೊಗೆ, ಇಲ್ಲಿ ಸೆಕೆ, ಎಂದೇ ಹೇಳುತ್ತಿದ್ದರು. ಅವರ ಬಾಯಿಗೆ ಒಗ್ಗಲೆಂದು ಅವಳೇ ‘ಇಲ್ಲಿ’ಯನ್ನೂ ಸೊಲ್ಲಿಗೆ ಸೇರಿಸಿ, ತಾನು ಇರುವ ಜಾಗ ಎಂದು ಅದಕ್ಕೆ ಅರ್ಥ ಕೊಟ್ಟಿದ್ದಳು. ನಿಯಮಗಳನ್ನು ಬೇರೆ ತೆಗೆಯುವಾಗ ಹುಡುಕಿಸಿದ್ದು ‘ತಾನು’ವನ್ನು ಮಾತ್ರ. ‘ಇಲ್ಲಿ’ ಎಂದಿದ್ದವೆಲ್ಲ ಉಳಿದುಕೊಂಡು, ಅವಕ್ಕೂ ಉತ್ತರ ಸಿದ್ಧವಾಗಿತ್ತು. ಹಳೇ ಶಾಫ್ಟಿನ ಬಾಯಲ್ಲಿ ಬೆಳಗಿನ ಗಾಳಿ ಬೀಸುತ್ತಿತ್ತು. ಗಣಿಯ ಮುನ್ನೂರು ಬಾಗಿಲುಗಳು ತಮ್ಮ ಮುಂದೆ ಬೀಸುತ್ತಿರುವುದು ಅದೇ ಎಂದು ನಂಬಿಕೊಂಡಿದ್ದವು.

ಸಿದ್ಧ ಉತ್ತರಗಳನ್ನು ಪ್ರತಿ ಹಂತದಿಂದಲೂ ಅಳಿಸಿಬಿಡೋಣ ಎಂದಳು ಜರೀನಾ. ಅದಕ್ಕೆ ಹನ್ನೆರಡು ನಿಮಿಷ ಬೇಕು. ಅಷ್ಟು ಹೊತ್ತು ಯಾವ ಬಾಗಿಲಿಗೂ ಯಾವ ಉತ್ತರವೂ ಇರುವುದಿಲ್ಲ, ಎಲ್ಲವೂ ತೆರೆದುಕೊಳ್ಳುತ್ತವೆ. ಅದರ ಮೇಲಿನ ಹದಿನಾರನೇ ಹಂತದಲ್ಲಿ ನೂರ ನಲವತ್ತು ಜನರಿದ್ದರು, ಹೊಗೆ ನೇರ ಅವರ ಮೇಲೆ ಏರುತ್ತದೆ.

ಉಳಿದಿದ್ದು ಒಂದೇ ದಾರಿ. ಬೆಂಕಿಯ ಸುತ್ತಲಿನ ಮೂರು ಬಾಗಿಲುಗಳಿಗೆ ಹಿರಿಯನನ್ನೇ ಬದಲಿಸಿಬಿಡುವುದು. ಕೆಲಸ ನಡೆದಿರುವಾಗಲೇ ಒಂದು ವಸ್ತುವಿಗೆ ಬೇರೆ ಹಿರಿಯನನ್ನು ಕೊಡಲು ಸೊಲ್ಲಿನಲ್ಲಿ ಅವಕಾಶವಿತ್ತು. ಈವರೆಗೆ ಯಾರೂ ಬಳಸಿರಲಿಲ್ಲ. ಆದರೆ ಕೊಡಲು ಹೊಸ ಹಿರಿಯ ಎಲ್ಲಿದ್ದಾನೆ? ಈಗಲೇ ಬರೆಯಬೇಕು. ಬರೆಯಲು ಕೂತಾಗ ಅವಳಿಗೆ ಗೊತ್ತಾಯಿತು, ಯಾವ ಬಾಗಿಲು ಮೊದಲು ಎಂಬುದು ತನಗೆ ತಿಳಿದಿಲ್ಲ ಎಂದು. ಅದನ್ನು ತಿಳಿದಿರುವುದು ಹಿರಿ ಬಾಗಿಲು. ಅವಳು ಆರು ವರ್ಷ ಅದನ್ನೇ ಕೇಳಿಕೊಂಡು ಬಂದಿದ್ದಳು.

ಮನೆಗೆ ಫೋನು ಮಾಡಿದಳು. ಅಮರಪ್ಪ ಎತ್ತಿದರು. ಅವಳು ಎರಡೇ ವಾಕ್ಯದಲ್ಲಿ ಹೇಳಿದಳು. ಮುದುಕರು ಕಣ್ಣು ಮುಚ್ಚಿ ಹದಿನೇಳನೇ ಹಂತದ ಸುರಂಗಗಳಲ್ಲಿ ನಡೆಯುತ್ತಿದ್ದಾರೆ ಎಂದು ಅವಳಿಗೆ ತಿಳಿದಿತ್ತು.

“ಅರವತ್ತಮೂರು ಮೊದ್ಲ ಹಾಕಬ್ಯಾಡ,” ಎಂದರು. “ಅದನ್ನ ಹಾಕಿದ್ರ ಹೊಗಿ ಅರವತ್ತೊಂದರಾಗ ನುಗ್ಗಿ ಮ್ಯಾಲಿನವರ್ನ ತಿಂತೈತಿ. ಎಪ್ಪತ್ತು ತೆಗಿ. ಹೊಗಿಗೆ ಹೋಗಾಕ ದಾರಿ ಬೇಕಲ್ಲ. ಅದು ಹೊಂಟ ಮ್ಯಾಲ ಅರವತ್ತೊಂದು ಹಾಕು. ಆಮ್ಯಾಲ ಅರವತ್ತಮೂರು.”

ಏಳು ಸಾಲು ಬರೆದಳು. ಜರೀನಾ ಪಕ್ಕದಲ್ಲಿ ನಿಂತು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿದಳು. ಅಷ್ಟರಲ್ಲಿ ಹುಸೇನಪ್ಪ ಮುಖವಾಡ ಹಾಕಿಕೊಂಡು ಹದಿನೆಂಟು ನಿಮಿಷವಾಗಿತ್ತು. ಅದು ಬಾಳುವುದು ಅರ್ಧ ಗಂಟೆ. ಫೋನು ಬಾಗಿಲಿನ ಹೊರಮಗ್ಗುಲಲ್ಲಿ, ಹೊಗೆಯ ಕಡೆಗೆ ಇತ್ತು.

“ಹುಸೇನಪ್ಪ, ಈಗ ಬಾಗ್ಲಾ ಹಾಕ್ತೈತಿ. ನೀವು ಒಳಗ ಹೋಗ್ರಿ.”

“ಒಳಗ ಫೋನಿಲ್ಲ. ಅದು ಮತ್ತ ತೆರದ್ರ ನಿಮಗ ಯಾರು ಹೇಳ್ತಾರ?”

“ನಾನು ಪರದೆ ಮ್ಯಾಲ ನೋಡ್ತೀನಿ.”

“ಪರದೆ ಇಷ್ಟೊತ್ತೂ ಹಸರೇ ಇತ್ತಲ್ರೀ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. “ಹಾಕ್ರಿ. ನಾನಿರ್ತೀನಿ.”

ಅವಳು ಹಿರಿಯನನ್ನು ಬದಲಿಸಿದಳು. ಎಪ್ಪತ್ತನೆಯದು ತೆರೆಯಿತು, ಹೊಗೆ ಹೊರಹೋಗುವ ಶಾಫ್ಟಿನ ಕಡೆಗೆ. ಒಂದು ನಿಮಿಷ ಕಾಯಬೇಕಿತ್ತು. ಜರೀನಾ ಗಡಿಯಾರ ನೋಡುತ್ತ ನಿಂತಳು, ನೀಲಾಂಬಿಕಾ ಫೋನಿನಲ್ಲಿ ಬರುತ್ತಿದ್ದ ಉಸಿರನ್ನು ಎಣಿಸುತ್ತ ಕೂತಳು. ಅರವತ್ತೊಂದು ಮುಚ್ಚಿತು. ಆಮೇಲೆ ಅರವತ್ತಮೂರರ ಅಕ್ಷರ ಕೆಂಪಾಯಿತು: ‘ಇಲ್ಲಿ ಹೊಗೆ ಇದೆ. ಮುಚ್ಚುತ್ತಿದ್ದೇನೆ.’

“ಹಾಕ್ತು,” ಎಂದ ಹುಸೇನಪ್ಪ. ಎಷ್ಟೋ ಹೊತ್ತಾದ ಮೇಲೆ, “ಇನ್ನೂ ಹಾಕೇ ಐತಿ,” ಎಂದ. ಹೊಗೆ ಎಪ್ಪತ್ತರ ಕಡೆಗೆ ಎಳೆಯುತ್ತಿದೆ, ನೆಲದ ಹತ್ತಿರ ಸ್ವಲ್ಪ ಕಾಣುತ್ತಿದೆ ಎಂದೂ ಹೇಳಿದ. ಮುಂದೆ ಅವಳು ಹೆಸರು ಹಿಡಿದು ಕರೆದರೂ ಉತ್ತರ ಬರಲಿಲ್ಲ. ಫೋನು ಮಾತ್ರ ತೆರೆದೇ ಇತ್ತು.

ರಕ್ಷಣಾ ತಂಡ ಅವನನ್ನು ಮುಟ್ಟಿದ್ದು ಹನ್ನೊಂದು ಗಂಟೆ ದಾಟಿದ ಮೇಲೆ. ಫೋನಿನ ಕೆಳಗೆ, ಮುಖವನ್ನು ನೆಲಕ್ಕೊತ್ತಿ ಮಲಗಿದ್ದ. ಜೀವವಿತ್ತು. ಒಳಗಿದ್ದ ಇಪ್ಪತ್ತಾರು ಜನರಿಗೂ ಹದಿನಾರನೇ ಹಂತದವರಿಗೂ ಏನೂ ಆಗಿರಲಿಲ್ಲ. ಹುಸೇನಪ್ಪ ಐದು ವಾರ ಆಸ್ಪತ್ರೆಯಲ್ಲಿದ್ದು ಎದ್ದು ಬಂದ, ಆದರೆ ಗಂಟಲು ಸುಟ್ಟಿತ್ತು. ಪಿಸುಗುಟ್ಟುವಷ್ಟು ದನಿ ಉಳಿಯಿತು. ಗಣಿಗೆ ಇಳಿಯುವುದು ಇನ್ನಾಗದು ಎಂದರು ಡಾಕ್ಟರು.

ವಿಚಾರಣೆಗೆ ದಿನ ಗೊತ್ತಾಯಿತು. ಅದಕ್ಕೆ ಮೂರು ದಿನ ಮೊದಲು ಮ್ಯಾನೇಜರು ನೀಲಾಂಬಿಕಾಳನ್ನು ಕರೆದು ಒಂದು ಹಾಳೆ ತೋರಿಸಿದರು. ಹುಸೇನಪ್ಪನ ದೂರಿಗೆ ಬರೆದ ಉತ್ತರ ಅದು. ‘ಮಾಪಕಕ್ಕೆ ಧೂಳು ಹಿಡಿದಿದೆ, ಒರೆಸಿ.’ ಕೆಳಗಿನ ರುಜು ಅಮರಪ್ಪ ಮಸ್ಕಿಯವರದು.

ಹೇಗೆಂದು ಅವಳಿಗೆ ಕೂಡಲೇ ಹೊಳೆಯಿತು. ಸೊಲ್ಲು ಸುಲಭವೆಂದು ಆಫೀಸಿನವರು ದೂರಿನ ಪುಸ್ತಕವನ್ನೂ ಅದರಲ್ಲೇ ಮಾಡಿಸಿಕೊಂಡಿದ್ದರು. ಅಲ್ಲಿ ಪ್ರತಿ ಹುದ್ದೆಯೂ ಒಂದು ವಸ್ತು. ಅವಳ ಹುದ್ದೆಗೆ ಹಿರಿಯ, ಹಿಂದೆ ಅಮರಪ್ಪನವರಿದ್ದ ಹುದ್ದೆ, ಅವರ ರುಜು ಅದರಲ್ಲಿ ಹಾಗೇ ಉಳಿದಿತ್ತು. ತನ್ನದೇ ರುಜುವನ್ನು ಅವಳು ಎಂದೂ ತನ್ನ ಹುದ್ದೆಗೆ ಸೇರಿಸಿರಲಿಲ್ಲ. ಆದ್ದರಿಂದ ರುಜು ಬೇಕಾದಾಗಲೆಲ್ಲ ಪುಸ್ತಕ ಮೇಲಕ್ಕೆ ಹೋಗಿ ಕೇಳಿ ತಂದಿತ್ತು.

ಮ್ಯಾನೇಜರಿಗೆ ಇದು ಗೊತ್ತಿತ್ತೋ ಇಲ್ಲವೋ, ಅವರು ಕೇಳಲಿಲ್ಲ. ನಿವೃತ್ತರಾದವರು ಮನೆಯಿಂದಲೇ ಹಳೆಯ ಅಧಿಕಾರ ಚಲಾಯಿಸುತ್ತಿದ್ದರು ಎಂದರೆ ವಿಚಾರಣೆ ಅಲ್ಲಿಗೇ ನಿಲ್ಲುತ್ತದೆ, ಈ ವಯಸ್ಸಿನಲ್ಲಿ ಅವರಿಗೆ ಯಾರೂ ಏನೂ ಮಾಡುವುದಿಲ್ಲ, ವಿಭಾಗವೂ ಉಳಿಯುತ್ತದೆ ಎಂದಷ್ಟೇ ಹೇಳಿದರು.

ಮನೆಗೆ ಬಂದು ಅವಳು ಮಾವನಿಗೆ ಹಾಳೆ ಕೊಟ್ಟಳು. ಅಮರಪ್ಪ ಕನ್ನಡಕ ಹಾಕಿಕೊಂಡು ಓದಿದರು, ಮಡಚಿ ಜೇಬಿಗಿಟ್ಟುಕೊಂಡರು.

“ನನಗ ಎಂಬತ್ತೆರಡು,” ಎಂದರು. “ನಿನಗ ಇನ್ನಾ ಇಪ್ಪತ್ತು ವರ್ಷ ಕೆಲಸ ಐತಿ. ನಾನೇ ಬರದೀನಿ ಅಂತೀನಿ. ನೀ ಸುಮ್ನಿರು ನೀಲವ್ವ.”

“ನೀವು ಬರ್ದಿಲ್ಲಲ್ರೀ ಮಾವಾರ.”

“ಬಾಗ್ಲಿಗೆ ಇಲ್ಲಿ ಅಂತ ಕಲಿಸಿದಾಂವ ನಾನೇ ಅಲ್ಲೇನು?”

ಬಡಿಸಿದ ರೊಟ್ಟಿ ಹಾಗೇ ಆರಿತು. ಭಾನುವಾರ ಬಂದ ವೀರೇಶನಿಗೆ ಇಬ್ಬರೂ ಹೇಳಿದರು, ಇಬ್ಬರದೂ ಸರಿ ಎನಿಸಿ ಅವನು ಅಂಗಳದಲ್ಲಿ ತಿರುಗಾಡಿದ.

ವಿಚಾರಣೆ ಗಣಿಯ ಸಭಾಂಗಣದಲ್ಲಿ ನಡೆಯಿತು. ಹುಸೇನಪ್ಪ ಮೊದಲ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತಿದ್ದ. ಅಮರಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಎದ್ದು ನಿಲ್ಲಲು ಸಿದ್ಧರಾಗಿ, ಕುರ್ಚಿಯ ತುದಿಯಲ್ಲಿದ್ದರು. ದೂರಿನ ಮೇಲಿನ ರುಜುವಿನ ಬಗ್ಗೆ ವಿಚಾರಣಾಧಿಕಾರಿ ಕೇಳಿದಾಗ ಮುದುಕರು ಕೋಲು ಊರಿದರು. ನೀಲಾಂಬಿಕಾ ಅವರಿಗಿಂತ ಮೊದಲು ಎದ್ದಳು.

“ಅದು ನಾನು ಬರೆದದ್ದು, ಸರ್. ಹೆಸರು ಮಾವನವರದು ಬಂದಿದೆ. ಬರೆದವಳು ನಾನು. ಹುಸೇನಪ್ಪನವರು ಬಂದು ಹೇಳಿದರು, ನಾನು ನೋಡಲಿಲ್ಲ.”

ಹೆಸರು ಹೇಗೆ ಬಂತೆಂದು ವಿವರಿಸಲು ಅರ್ಧ ಗಂಟೆ ಹಿಡಿಯಿತು. ಸಿದ್ಧ ಉತ್ತರಗಳ ಏರ್ಪಾಡು ತನ್ನದೇ, ‘ಇಲ್ಲಿ’ಯನ್ನು ಹುಡುಕಿಸದೆ ಬಿಟ್ಟವಳೂ ತಾನೇ ಎಂದು ಯಾರೂ ಕೇಳದಿದ್ದರೂ ಹೇಳಿದಳು. ಮ್ಯಾನೇಜರು ಕಿಟಕಿಯ ಕಡೆ ನೋಡುತ್ತಿದ್ದರು. ಹೊರಗೆ ಬಂದಾಗ ಹುಸೇನಪ್ಪ ಎದುರಾದ. ಅವನು ಏನೋ ಪಿಸುಗುಟ್ಟಿದ್ದು ಅವಳಿಗೆ ಕೇಳಿಸಲಿಲ್ಲ. ಹೆಂಡತಿ ಬಾಯಿಗೆ ಕಿವಿ ಕೊಟ್ಟು, ಅವನ ಮಾತನ್ನು ತಿರುಗಿ ಹೇಳಿದಳು: ಆವತ್ತು ನೀವು ಎರಡು ನಿಮಿಷ ಕೂತಿದ್ದರೆ ಸಾಕಿತ್ತಂತೆ. ನೀಲಾಂಬಿಕಾ ಹೌದೆಂದು ತಲೆಯಾಡಿಸಿದಳು. ಅವನು ಹೆಂಡತಿಯ ಹೆಗಲು ಹಿಡಿದು ಮೆಟ್ಟಿಲಿಳಿದ.

ಅವಳನ್ನು ಹುದ್ದೆಯಿಂದ ತೆಗೆದರು. ಆದರೆ ಸೊಲ್ಲನ್ನು ಬಲ್ಲವರು ಬೇರೆ ಯಾರೂ ಇರಲಿಲ್ಲ. ಬಾಗಿಲುಗಳನ್ನು ಸರಿಪಡಿಸಿಕೊಟ್ಟು ಹೋಗಲು ನಾಲ್ಕು ತಿಂಗಳ ಗಡುವು ಕೊಟ್ಟರು. ಹಿರಿಯರನ್ನು ಕೇಳುವ ಪದ್ಧತಿಯನ್ನು ಅವಳು ಬಿಡಲಿಲ್ಲ. ಒಬ್ಬನೇ ಹಿರಿಯ ಇರುವುದನ್ನು ಬಿಟ್ಟಳು. ಹಂತಕ್ಕೊಂದು ಹಿರಿಯ ಬಾಗಿಲು, ಅದಕ್ಕೆ ಆ ಹಂತದಲ್ಲಿ ದುಡಿಯುವವರೇ ಹೇಳಿಕೊಟ್ಟ ನಿಯಮ. ಹದಿನೇಳನೆಯದಕ್ಕೆ ಹೇಳಿಕೊಡಲು ಹುಸೇನಪ್ಪ ಹದಿಮೂರು ದಿನ ಬಂದ. ಅವನು ಬರೆದು ತೋರಿಸುತ್ತಿದ್ದ, ಜರೀನಾ ಓದುತ್ತಿದ್ದಳು, ನೀಲಾಂಬಿಕಾ ಸೊಲ್ಲಿಗೆ ಇಳಿಸುತ್ತಿದ್ದಳು. ಕೆಲಸದ ಮಾತು ಬಿಟ್ಟು ಬೇರೆ ಮಾತು ಅವರ ನಡುವೆ ಆಗಲಿಲ್ಲ.

ಅಮರಪ್ಪ ವಿಚಾರಣೆಯ ನಂತರ ಸೊಸೆಯೊಂದಿಗೆ ಅಷ್ಟಾಗಿ ಮಾತಾಡಿರಲಿಲ್ಲ. ಕೊಟ್ಟದ್ದನ್ನು ಅವಳು ತೆಗೆದುಕೊಳ್ಳಲಿಲ್ಲ ಎಂಬ ನೋವು ಅವರಿಗಿತ್ತು. ಕೊನೆಯ ದಿನ ಮಧ್ಯಾಹ್ನ ಮಾತ್ರ ತಾವಾಗಿಯೇ ನಿಯಂತ್ರಣ ಕೋಣೆಗೆ ಬಂದು, ಅವಳ ಪಕ್ಕದ ಕುರ್ಚಿಯಲ್ಲಿ ಕೂತರು. ಹಿರಿ ಬಾಗಿಲಿಗೆ ಇನ್ನೂ ಅಂಟಿಕೊಂಡಿದ್ದವು ಒಂಬತ್ತು. ನೀಲಾಂಬಿಕಾ ಒಂದೊಂದನ್ನೇ ಬಿಡಿಸಿ ಅದರ ಹಂತದ ಹಿರಿಯನಿಗೆ ಒಪ್ಪಿಸಿದಳು. ಮುದುಕರು ಪ್ರತಿಯೊಂದರ ಸಂಖ್ಯೆಯನ್ನೂ ತಮ್ಮಷ್ಟಕ್ಕೆ ಹೇಳಿಕೊಂಡರು. ಒಂಬತ್ತನೆಯದೂ ಹೋಯಿತು.

“ಇನ್ನ ಅದನ್ನ ಯಾರೂ ಏನೂ ಕೇಳಾಂಗಿಲ್ಲೇನು?” ಎಂದರು ಅಮರಪ್ಪ.

“ಇಲ್ರೀ ಮಾವಾರ. ತನ್ನ ಮುಂದಿನ ಗಾಳಿ ಒಂದು ನೋಡಿಕೊಂಡ್ರ ಆತು.”

ಅವರು ಬಹಳ ಹೊತ್ತು ಪರದೆಯನ್ನೇ ನೋಡಿದರು. ಆಮೇಲೆ ಕೋಲಿಗಾಗಿ ಕೈ ಚಾಚಿದರು. ಅವಳು ತೆಗೆದುಕೊಟ್ಟಳು.

“ಚಲೋ ಆತು ಬಿಡು, ಭಾಳ ದಣದಿತ್ತು,” ಎಂದರು. “ನಡಿ ನೀಲವ್ವ, ಮನಿಗೆ ಹೋಗೂಣು.”